ಕ್ಷಯರೋಗದ ಔಷಧ ನಿರೋಧಕತೆ ಪರೀಕ್ಷೆಗಳು: ವೇಗದ ವರದಿ ಎಲ್ಲಿಯವರೆಗೆ ಸಾಕು?

ಕ್ಷಯರೋಗ ಇದೆಯೇ ಎಂದು ತಿಳಿಸುವ ಪರೀಕ್ಷೆ ಒಂದು. ಇದ್ದರೆ ಅದು ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ತಿಳಿಸುವ ಪರೀಕ್ಷೆ ಇನ್ನೊಂದು. ಈ ವಿಮರ್ಶೆ ಎರಡನೆಯದರ ಕುರಿತದ್ದು. ಜೀನ್‌ಎಕ್ಸ್‌ಪರ್ಟ್ ಯಂತ್ರದ ಅಲ್ಟ್ರಾ ಕಾರ್ಟ್ರಿಡ್ಜ್, ಎಲ್‌ಪಿಎ ಎಂದು ಕರೆಯುವ ಲೈನ್ ಪ್ರೋಬ್ ಪಟ್ಟಿ, ರೋಗಾಣುವನ್ನು ಕೊಳವೆಯಲ್ಲಿ ಬೆಳೆಸಿ ನೋಡುವ ಎಂಜಿಐಟಿ ದ್ರವ ಕಲ್ಚರ್ ಮತ್ತು ಜೀನ್‌ನ ಅಕ್ಷರಗಳನ್ನು ಓದುವ, ಈಚೆಗೆ ಬಂದಿರುವ ಜೀನ್ ಸೀಕ್ವೆನ್ಸಿಂಗ್, ಈ ನಾಲ್ಕನ್ನೂ ಪ್ರಯೋಗಾಲಯದ ಕೆಲಸದ ಕಡೆಯಿಂದ ನೋಡಿ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಂದು ಎಲ್ಲೆಡೆ ಬಳಕೆಯಲ್ಲಿರುವ ವೇಗದ ಪರೀಕ್ಷೆ ಯಾವ ಹಳೆಯ ಔಷಧವನ್ನು ಕೈಬಿಡಬೇಕು ಎಂಬುದನ್ನು ಎರಡು ಗಂಟೆಯೊಳಗೆ ಬಹಳ ಚೆನ್ನಾಗಿ ಹೇಳುತ್ತದೆ, ಆದರೆ ಅದರ ಬದಲಿಗೆ ಕೊಡಲಿರುವ ಹೊಸ ಔಷಧ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ. ಈ ಅಂತರವನ್ನು ತುಂಬುವ ವ್ಯವಸ್ಥೆ ಇಲ್ಲದ ಸೇವೆಯನ್ನು ಪೂರ್ಣ ಸೇವೆ ಎಂದು ಒಪ್ಪಲು ನನಗೆ ಸಾಧ್ಯವಿಲ್ಲ.

ನಿರೋಧಕತೆ ಈ ರೋಗದ ಚಿಕಿತ್ಸೆಯಷ್ಟೇ ಹಳೆಯದು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಿಗಳು ಮೊದಲು ಚೇತರಿಸಿಕೊಂಡರು, ಕೆಲವೇ ತಿಂಗಳಲ್ಲಿ ಹಲವರ ಕಫದಲ್ಲಿ ಆ ಔಷಧಕ್ಕೆ ಜಗ್ಗದ ರೋಗಾಣು ಕಾಣಿಸಿಕೊಂಡಿತು. ಅಂದಿನಿಂದಲೇ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮ ಬೆಳೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 1.08 ಕೋಟಿ ಜನರಿಗೆ ಕ್ಷಯ ತಗುಲಿತು, ಸುಮಾರು 4 ಲಕ್ಷ ಜನರಲ್ಲಿ ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಬಗ್ಗದ, ಅಥವಾ ಅದಕ್ಕೂ ಐಸೋನಿಯಾಜಿಡ್ ಎಂಬ ಇನ್ನೊಂದು ಮುಖ್ಯ ಔಷಧಕ್ಕೂ ಬಗ್ಗದ ಬಹು ಔಷಧ ನಿರೋಧಕ ಕ್ಷಯ ಉಂಟಾಯಿತು. ಅವರಲ್ಲಿ ಸರಿಯಾದ ಚಿಕಿತ್ಸೆಗೆ ಸೇರಿದವರು ಐವರಲ್ಲಿ ಇಬ್ಬರು ಮಾತ್ರ. ಉಳಿದವರು ತಪ್ಪಿಹೋಗಲು ಕಾರಣಗಳು ಹಲವು. ಸರಿಯಾದ ಪರೀಕ್ಷೆ ಸರಿಯಾದ ಹೊತ್ತಿಗೆ ನಡೆಯದಿರುವುದು ಅವುಗಳಲ್ಲಿ ದೊಡ್ಡದು.

ಅಲ್ಟ್ರಾ ಕಾರ್ಟ್ರಿಡ್ಜ್‌ನಿಂದ ಆರಂಭಿಸೋಣ. ಇದರ ಹಿಂದಿನ ರೂಪವಾದ ಎಕ್ಸ್‌ಪರ್ಟ್ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಅನುಮೋದಿಸಿತು, ಅಲ್ಟ್ರಾ 2017ರಲ್ಲಿ ಬಂದಿತು. ಕೆಲಸ ಮಾಡುವವರಿಗೆ ಇದರ ಸರಳತೆಯೇ ಮೊದಲು ಕಾಣುವ ಗುಣ. ಕಫಕ್ಕೆ ಅದರ ಎರಡರಷ್ಟು ದ್ರಾವಣ ಸೇರಿಸಿ, ಮುಚ್ಚಳ ಬಿಗಿದು ಚೆನ್ನಾಗಿ ಅಲುಗಾಡಿಸಿ, ಕೋಣೆಯ ಉಷ್ಣತೆಯಲ್ಲಿ 15 ನಿಮಿಷ ಬಿಡಬೇಕು. ನಡುವೆ ಇನ್ನೊಮ್ಮೆ ಅಲುಗಾಡಿಸಬೇಕು. ದಾರದಂತೆ ಎಳೆಯುತ್ತಿದ್ದ ಕಫ ಅಷ್ಟರಲ್ಲಿ ನೀರಾಗಿರುತ್ತದೆ. ಅದರಲ್ಲಿ 2 ಮಿಲಿಲೀಟರ್ ತೆಗೆದು ಕಾರ್ಟ್ರಿಡ್ಜ್‌ಗೆ ಹಾಕಿ ಯಂತ್ರದಲ್ಲಿಟ್ಟರೆ ಮುಂದಿನದೆಲ್ಲ ಯಂತ್ರದ್ದೇ: ರೋಗಾಣುವನ್ನು ಒಡೆಯುವುದು, ಡಿಎನ್‌ಎ ಬೇರ್ಪಡಿಸುವುದು, ಅದನ್ನು ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸುವುದು, ಓದುವುದು. ಎಂಬತ್ತು ನಿಮಿಷದೊಳಗೆ ಫಲಿತಾಂಶ ಪರದೆಯ ಮೇಲಿರುತ್ತದೆ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 16 ಜೀವಂತ ರೋಗಾಣುಗಳಿದ್ದರೂ ಅಲ್ಟ್ರಾ ಗುರುತಿಸಬಲ್ಲದು. ಹಳೆಯ ಕಾರ್ಟ್ರಿಡ್ಜ್‌ಗೆ ನೂರಕ್ಕೂ ಹೆಚ್ಚು ಬೇಕಾಗಿತ್ತು, ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಸಾವಿರಗಟ್ಟಲೆ ಬೇಕು.

ಇಷ್ಟು ವೇಗ ಸಾಧ್ಯವಾದದ್ದು ರಿಫಾಂಪಿಸಿನ್ ಎಂಬ ಔಷಧದ ಒಂದು ವಿಶೇಷದಿಂದ. ರೋಗಾಣುವಿನ ಆರ್‌ಪಿಒ-ಬಿ ಎಂಬ ಜೀನ್‌ನಲ್ಲಿ ಕೇವಲ 81 ಅಕ್ಷರಗಳ ಒಂದು ತುಣುಕಿದೆ, ರಿಫಾಂಪಿಸಿನ್‌ಗೆ ನಿರೋಧಕತೆ ತರುವ ಬದಲಾವಣೆಗಳಲ್ಲಿ ನೂರಕ್ಕೆ 95ರಷ್ಟು ಆ ತುಣುಕಿನೊಳಗೇ ಆಗುತ್ತವೆ. ಅಲ್ಟ್ರಾದ ನಾಲ್ಕು ಪ್ರೋಬ್‌ಗಳು, ಅಂದರೆ ಗುರುತು ಹಚ್ಚುವ ಸಣ್ಣ ಡಿಎನ್‌ಎ ತುಣುಕುಗಳು, ಆ ಭಾಗಕ್ಕೆ ಅಂಟಿಕೊಳ್ಳುತ್ತವೆ. ಯಂತ್ರ ಉಷ್ಣತೆಯನ್ನು ನಿಧಾನವಾಗಿ ಏರಿಸುತ್ತಾ ಪ್ರೋಬ್ ಯಾವ ಹಂತದಲ್ಲಿ ಕಳಚಿತು ಎಂದು ಅಳೆಯುತ್ತದೆ, ಅಕ್ಷರ ಬದಲಾಗಿದ್ದ ಕಡೆ ಅಂಟು ಸಡಿಲವಾಗಿರುವುದರಿಂದ ಪ್ರೋಬ್ ಕಳಚುವ ಉಷ್ಣತೆಯೂ ಬೇರೆಯಾಗುತ್ತದೆ. ಔಷಧದ ಮೇಲೆ ಯಾವ ಪರಿಣಾಮವನ್ನೂ ಮಾಡದ ಕೆಲವು ಬದಲಾವಣೆಗಳನ್ನು ಹಳೆಯ ಕಾರ್ಟ್ರಿಡ್ಜ್ ನಿರೋಧಕತೆ ಎಂದು ಓದಿಬಿಡುತ್ತಿತ್ತು. ಉಷ್ಣತೆಯ ಈ ವಿಧಾನ ಅವುಗಳಲ್ಲಿ ಕೆಲವನ್ನಾದರೂ ಬೇರ್ಪಡಿಸುತ್ತದೆ, ಇದು ನಿಜವಾದ ಸುಧಾರಣೆ.

ಅಲ್ಟ್ರಾ ವರದಿಯಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ‘ಟ್ರೇಸ್’ ಎಂಬ ಫಲಿತಾಂಶ. ಕ್ಷಯವಿದೆ ಎಂದು ಪತ್ತೆ ಮಾಡಲು ಈ ಪರೀಕ್ಷೆ ರೋಗಾಣುವಿನಲ್ಲಿ ಹಲವು ಪ್ರತಿಗಳಿರುವ ಡಿಎನ್‌ಎ ತುಣುಕುಗಳನ್ನು ಹುಡುಕುತ್ತದೆ, ರಿಫಾಂಪಿಸಿನ್ ವಿಷಯಕ್ಕೆ ಮಾತ್ರ ಒಂದೇ ಪ್ರತಿಯಿರುವ ಆರ್‌ಪಿಒ-ಬಿಯನ್ನು ಓದಬೇಕು. ರೋಗಾಣು ತೀರಾ ಕಡಿಮೆಯಿದ್ದಾಗ ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಹೀಗಾಗಿ ಟ್ರೇಸ್ ಬಂದ ವರದಿಯಲ್ಲಿ ನಿರೋಧಕತೆಯ ಉತ್ತರ ಇರುವುದೇ ಇಲ್ಲ. ಅದನ್ನು ‘ನಿರೋಧಕತೆ ಇಲ್ಲ’ ಎಂದು ಓದಿಕೊಂಡು ಸಾಮಾನ್ಯ ಚಿಕಿತ್ಸೆ ಆರಂಭಿಸಿ ಮುಂದೆ ಹೋಗುವುದು ಅಪಾಯದ ಓದು. ಮಕ್ಕಳಲ್ಲಿ, ಎಚ್‌ಐವಿ ಇರುವವರಲ್ಲಿ, ಶ್ವಾಸಕೋಶದ ಹೊರಗಿನ ಕ್ಷಯದಲ್ಲಿ ಟ್ರೇಸ್ ಅನ್ನು ಕ್ಷಯವೆಂದೇ ಪರಿಗಣಿಸಿ, ಕಲ್ಚರ್‌ಗೆ ಇನ್ನೊಂದು ಮಾದರಿ ಕಳುಹಿಸಬೇಕು. ಹಿಂದೊಮ್ಮೆ ಚಿಕಿತ್ಸೆ ಮುಗಿಸಿದವರಲ್ಲಿ ಸತ್ತ ರೋಗಾಣುವಿನ ಡಿಎನ್‌ಎ ಕೂಡ ಟ್ರೇಸ್ ತೋರಿಸಬಹುದು. ಇದೇ ಕಾರಣಕ್ಕೆ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಈ ಕಾರ್ಟ್ರಿಡ್ಜ್ ಬಳಸಬಾರದು.

ಇನ್ನೊಂದು ಮಿತಿ ಆ 81 ಅಕ್ಷರಗಳ ಆಚೆಗಿನದು. ಆಫ್ರಿಕಾದ ಎಸ್ವಾಟಿನಿ ದೇಶದಲ್ಲಿ 2009ರ ಸಮೀಕ್ಷೆಯಲ್ಲಿ ಸಿಕ್ಕ ಬಹು ಔಷಧ ನಿರೋಧಕ ತಳಿಗಳಲ್ಲಿ ಸುಮಾರು ನೂರಕ್ಕೆ 30ರಷ್ಟು ಐ491ಎಫ್ ಎಂಬ ಬದಲಾವಣೆಯನ್ನು ಹೊತ್ತಿದ್ದವು, ಅದು ಆ ತುಣುಕಿನ ಹೊರಗಿದ್ದುದರಿಂದ ಕಾರ್ಟ್ರಿಡ್ಜ್ ಅದನ್ನು ಕಾಣುವಂತಿರಲಿಲ್ಲ. ಆ ತಳಿ ದ್ರವ ಕಲ್ಚರ್ ಪರೀಕ್ಷೆಯ ಕಣ್ಣನ್ನೂ ತಪ್ಪಿಸಬಲ್ಲದು ಎಂಬುದನ್ನು ಇಲ್ಲಿ ಸೇರಿಸಲೇಬೇಕು, ಇಲ್ಲದಿದ್ದರೆ ದೋಷವೆಲ್ಲ ಕಾರ್ಟ್ರಿಡ್ಜ್‌ನದೇ ಎಂದಾದೀತು. ತದ್ವಿರುದ್ಧ ಸಂದರ್ಭವೂ ಇದೆ: ನಿರೋಧಕತೆಯ ಯಾವ ಸೂಚನೆಯೂ ಇಲ್ಲದ ರೋಗಿಯ ಕಫದಲ್ಲಿ ರೋಗಾಣು ಬಹಳ ಕಡಿಮೆ ಇದ್ದು ನಿರೋಧಕ ಎಂಬ ವರದಿ ಬಂದರೆ, ಹೊಸ ಕಫದ ಮೇಲೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ನೋಡುವುದು ನ್ಯಾಯ. ದೀರ್ಘ ಚಿಕಿತ್ಸೆಗೆ ಒಬ್ಬರನ್ನು ಒಪ್ಪಿಸುವ ಮುನ್ನ ಇನ್ನೊಂದು ಕಾರ್ಟ್ರಿಡ್ಜ್ ಖರ್ಚು ಮಾಡುವುದು ದೊಡ್ಡ ಮಾತಲ್ಲ.

ಐಸೋನಿಯಾಜಿಡ್ ವಿಷಯದಲ್ಲಿ ಅಲ್ಟ್ರಾ ಮೌನವಾಗಿದೆ. ರಿಫಾಂಪಿಸಿನ್‌ಗೆ ಬಗ್ಗುವ ಆದರೆ ಐಸೋನಿಯಾಜಿಡ್‌ಗೆ ಬಗ್ಗದ ಕ್ಷಯ ಅಪರೂಪವಲ್ಲ, ಅಂಥವರು ‘ಸಾಮಾನ್ಯ ಕ್ಷಯ’ ಎಂಬ ಗುಂಪಿಗೆ ಸೇರಿಹೋಗುತ್ತಾರೆ. ಈ ಕೊರತೆ ನೀಗಲು ಬಂದದ್ದು ಅದೇ ಯಂತ್ರ ಕುಟುಂಬದ ಎಕ್ಸ್‌ಡಿಆರ್ (ಅತಿ ವ್ಯಾಪಕ ಔಷಧ ನಿರೋಧಕತೆ) ಕಾರ್ಟ್ರಿಡ್ಜ್. ಐಸೋನಿಯಾಜಿಡ್, ಫ್ಲೋರೊಕ್ವಿನೊಲೋನ್, ಎಥಿಯೊನಮೈಡ್ ಮತ್ತು ಅಮಿಕಾಸಿನ್‌ನಂತಹ ಚುಚ್ಚುಮದ್ದುಗಳ ವಿಷಯವನ್ನು ಇದು ಒಂದೂವರೆ ಗಂಟೆಯಲ್ಲಿ ತಿಳಿಸುತ್ತದೆ. ಫ್ಲೋರೊಕ್ವಿನೊಲೋನ್ ಉತ್ತರ ಅದೇ ದಿನ ಸಿಗುವುದು ಚಿಕಿತ್ಸೆಯ ದಿಕ್ಕನ್ನೇ ನಿರ್ಧರಿಸುವುದರಿಂದ ಇದು ನನ್ನ ಮಟ್ಟಿಗೆ ಬಹಳ ಉಪಯುಕ್ತ ಸೇರ್ಪಡೆ. ತೊಡಕೆಂದರೆ ಇದಕ್ಕೆ ಹತ್ತು ಬಣ್ಣಗಳನ್ನು ಓದಬಲ್ಲ ಮಾಡ್ಯೂಲ್ ಬೇಕು, ಹಳೆಯ ಆರು ಬಣ್ಣದ ಯಂತ್ರದಲ್ಲಿ ಇದು ಓಡುವುದಿಲ್ಲ. ಬ್ಯಾಟರಿಯಲ್ಲೂ ನಡೆಯುವ ಟ್ರೂನ್ಯಾಟ್ ರಿಫಾಂಪಿಸಿನ್‌ನ ಮಟ್ಟಿಗೆ ಒಳ್ಳೆಯ ಪರ್ಯಾಯ, ಹವಾನಿಯಂತ್ರಣ ಇಲ್ಲದ ಸಣ್ಣ ಕೇಂದ್ರಗಳಿಗೆ ಹೇಳಿಮಾಡಿಸಿದಂಥದ್ದು. ಅಲ್ಲಿ ಕ್ಷಯ ಪತ್ತೆಗೆ ಒಂದು ಚಿಪ್, ನಿರೋಧಕತೆಗೆ ಇನ್ನೊಂದು ಚಿಪ್, ಹಂತ ಹಂತವಾಗಿ ಓಡಿಸಬೇಕು.

ಎಲ್‌ಪಿಎ ಪಟ್ಟಿಯನ್ನು ನಾನು ಈಗಲೂ ಇಷ್ಟಪಡುತ್ತೇನೆ. 2008ರಲ್ಲಿ ಅನುಮೋದನೆ ಪಡೆದ ಮೊದಲ ಹಂತದ ಈ ಪಟ್ಟಿ ಒಂದು ಬೆರಳಿನಷ್ಟೂ ಅಗಲವಿಲ್ಲ. ಅದರ ಮೇಲೆ ಒಟ್ಟು 27 ಗೆರೆಗಳಿಗೆ ಜಾಗವಿದೆ. ಹೈಬ್ರಿಡೈಸೇಶನ್ (ರೋಗಾಣುವಿನ ಡಿಎನ್‌ಎ ಪಟ್ಟಿಯ ಪ್ರೋಬ್‌ಗಳಿಗೆ ಅಂಟಿಕೊಳ್ಳುವ ಹಂತ) ಮುಗಿಸಿ ಒಣಗಿಸಿದ ಪಟ್ಟಿಯನ್ನು ಮಾದರಿ ಹಾಳೆಯ ಪಕ್ಕದಲ್ಲಿ ಅಂಟಿಸಿ, ಮೇಲಿನಿಂದ ಕೆಳಕ್ಕೆ ಓದುತ್ತಾ ಬರಬೇಕು. ಮೊದಲ ಎರಡು ಗೆರೆಗಳು ಪರೀಕ್ಷೆ ಸರಿಯಾಗಿ ನಡೆದಿದೆ ಎನ್ನುವುದಕ್ಕೆ, ಮೂರನೆಯದು ಇದು ಕ್ಷಯದ ರೋಗಾಣುವೇ ಎನ್ನುವುದಕ್ಕೆ. ಅಲ್ಲಿಂದ ಕೆಳಗೆ ಆರ್‌ಪಿಒ-ಬಿ, ಕ್ಯಾಟ್-ಜಿ, ಐಎನ್‌ಎಚ್-ಎ ಎಂಬ ಮೂರು ಜೀನ್‌ಗಳ ಗುಂಪುಗಳು. ಸಹಜ ರೂಪದ ಗೆರೆ ಮೂಡದೆ ಹೋದರೆ, ಅಥವಾ ಬದಲಾವಣೆಯ ಗೆರೆ ಮೂಡಿದರೆ ನಿರೋಧಕತೆ. ಕೆಲವೊಮ್ಮೆ ಎರಡೂ ಮೂಡುತ್ತವೆ, ಅಂದರೆ ಒಂದೇ ಕಫದಲ್ಲಿ ಔಷಧಕ್ಕೆ ಬಗ್ಗುವ ಮತ್ತು ಬಗ್ಗದ ರೋಗಾಣುಗಳು ಒಟ್ಟಿಗಿವೆ. ಇಂಥ ಮಿಶ್ರಣವನ್ನು ಕಣ್ಣಾರೆ ತೋರಿಸುವ ಗುಣ ಈ ಪಟ್ಟಿಯದು. ಐಸೋನಿಯಾಜಿಡ್ ನಿರೋಧಕತೆ ಯಾವ ಜೀನ್‌ನಿಂದ ಬಂದಿದೆ ಎಂಬುದನ್ನೂ ಇದು ಹೇಳುತ್ತದೆ: ಐಎನ್‌ಎಚ್-ಎ ಒಂದೇ ಬದಲಾಗಿದ್ದರೆ ನಿರೋಧಕತೆ ಸಾಮಾನ್ಯವಾಗಿ ಕೆಳಮಟ್ಟದ್ದು, ಹೆಚ್ಚಿನ ಪ್ರಮಾಣದ ಐಸೋನಿಯಾಜಿಡ್ ಕೆಲಸಕ್ಕೆ ಬರಬಹುದು, ಎಥಿಯೊನಮೈಡ್ ಮಾತ್ರ ಬರುವುದಿಲ್ಲ. ಕ್ಯಾಟ್-ಜಿ ಬದಲಾಗಿದ್ದರೆ ಲೆಕ್ಕ ತಿರುವುಮುರುವು. ಇಷ್ಟು ಒಳ್ಳೆಯ ಮಾಹಿತಿ ಕೊಡುವ ಪರೀಕ್ಷೆಗೆ ಪ್ರತ್ಯೇಕ ಕೋಣೆಗಳು, ಪಳಗಿದ ಕೈ ಮತ್ತು ರೋಗಾಣು ಹೇರಳವಾಗಿರುವ ಕಫ ಬೇಕು. ಮಸುಕಾದ ಗೆರೆಯನ್ನು ಒಬ್ಬರು ಇದೆ ಎಂದೂ ಇನ್ನೊಬ್ಬರು ಇಲ್ಲ ಎಂದೂ ಓದುವ ಸಂದರ್ಭಗಳು ಬರುತ್ತವೆ, ಆದ್ದರಿಂದ ಪ್ರತಿ ಪಟ್ಟಿಯನ್ನೂ ಇಬ್ಬರು ಬೇರೆ ಬೇರೆಯಾಗಿ ಓದುವ ಪ್ರಯೋಗಾಲಯದ ವರದಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ದ್ರವ ಕಲ್ಚರ್. ಜೀನ್ ಪರೀಕ್ಷೆಗಳೆಲ್ಲ ರೋಗಾಣುವಿನ ಡಿಎನ್‌ಎ ನೋಡಿ ಊಹಿಸುತ್ತವೆ, ಕಲ್ಚರ್ ಮಾತ್ರ ಔಷಧದ ಎದುರಿಗೆ ರೋಗಾಣುವನ್ನು ಬೆಳೆಸಿ ನೋಡುತ್ತದೆ. ಎಂಜಿಐಟಿ ಕೊಳವೆಯ ತಳದಲ್ಲಿ ಆಮ್ಲಜನಕ ಇರುವವರೆಗೆ ಮಂಕಾಗಿರುವ, ಆಮ್ಲಜನಕ ಕಡಿಮೆಯಾದಂತೆ ಹೊಳೆಯುವ ವಸ್ತುವೊಂದಿದೆ. ಬೆಳೆಯುವ ರೋಗಾಣು ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ, ಕೊಳವೆ ಹೊಳೆಯುತ್ತದೆ, ಯಂತ್ರ ಗಂಟೆಗೊಮ್ಮೆ ಅದನ್ನು ಅಳೆಯುತ್ತದೆ. ಯಂತ್ರ ಪಾಸಿಟಿವ್ ಎಂದ ಕೊಳವೆಯನ್ನು ಹೊರತೆಗೆದು ಬೆಳಕಿಗೆ ಹಿಡಿದರೆ ಅನುಭವಿಗಳಿಗೆ ಅಲ್ಲೇ ಅರ್ಧ ಉತ್ತರ ಸಿಗುತ್ತದೆ: ಕ್ಷಯದ ರೋಗಾಣು ರವೆಯ ಹರಳಿನಂತೆ ತಳದಲ್ಲಿ ಕುಳಿತಿರುತ್ತದೆ, ಮೇಲಿನ ದ್ರವ ತಿಳಿಯಾಗಿರುತ್ತದೆ. ಕೊಳವೆಯೆಲ್ಲ ಕದಡಿದಂತಿದ್ದರೆ ಬೇರೆ ಸೂಕ್ಷ್ಮಜೀವಿಗಳು ಸೇರಿವೆ ಎಂಬ ಗುಮಾನಿ. ಆಮೇಲೆ ಸ್ಮಿಯರ್, ಆ್ಯಂಟಿಜನ್ ಪಟ್ಟಿ, ಬ್ಲಡ್ ಅಗರ್ ಇವುಗಳಿಂದ ಖಚಿತಪಡಿಸಿಕೊಂಡು ಔಷಧ ಪರೀಕ್ಷೆಗೆ ಹಾಕಬೇಕು. ಔಷಧವಿರುವ ಕೊಳವೆಗೆ ರೋಗಾಣುವಿನ ದ್ರಾವಣವನ್ನು ಹಾಗೆಯೇ, ಔಷಧವಿಲ್ಲದ ಕೊಳವೆಗೆ ಅದನ್ನೇ ನೂರರಲ್ಲಿ ಒಂದಾಗಿ ತೆಳುಮಾಡಿ ಹಾಕುತ್ತಾರೆ. ಔಷಧವಿಲ್ಲದ ಕೊಳವೆ ಬೆಳವಣಿಗೆಯ ಅಳತೆಯಲ್ಲಿ 400 ಮುಟ್ಟುವ ಹೊತ್ತಿಗೆ ಔಷಧವಿರುವುದು 100 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ನಿರೋಧಕ. ನೂರು ರೋಗಾಣುಗಳಲ್ಲಿ ಒಂದು ಔಷಧಕ್ಕೆ ಬಗ್ಗದಿದ್ದರೂ ಚಿಕಿತ್ಸೆ ಸೋಲಬಹುದು ಎಂಬ, ಕಳೆದ ಶತಮಾನದ ಅರವತ್ತರ ದಶಕದಲ್ಲಿ ನೆಲೆಗೊಂಡ ತಿಳಿವಳಿಕೆ ಈ ಲೆಕ್ಕದ ಹಿಂದಿದೆ.

ಕಲ್ಚರ್‌ನ ದೋಷ ಎಲ್ಲರಿಗೂ ಗೊತ್ತಿರುವುದೇ, ವಿಳಂಬ. ಈ ರೋಗಾಣು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಳ್ಳುತ್ತದೆ. ಮೊದಲು ಬೆಳೆಯಲು ವಾರಗಳು, ಔಷಧ ಪರೀಕ್ಷೆಗೆ ಮತ್ತೆ 4ರಿಂದ 13 ದಿನ, ಪೈರಜಿನಮೈಡ್‌ಗೆ ಇನ್ನೂ ಹೆಚ್ಚು. ಅಷ್ಟಾಗಿ ಗೊತ್ತಿಲ್ಲದ ದೋಷ ಬೇರೆ ಇದೆ. ಕಫದಲ್ಲಿರುವ ಇತರ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಮೊದಲು ಕ್ಷಾರದಿಂದ ಶುದ್ಧಗೊಳಿಸುತ್ತಾರೆ, ಕ್ಷಾರ ಹೆಚ್ಚಾದರೆ ಅಥವಾ ಸಮಯ ಮೀರಿದರೆ ಕ್ಷಯದ ರೋಗಾಣುವೂ ಸಾಯುತ್ತದೆ. ಹೀಗಾಗಿ ‘ನಮ್ಮಲ್ಲಿ ಒಂದು ಕೊಳವೆಯೂ ಕೆಡುವುದಿಲ್ಲ’ ಎನ್ನುವ ಪ್ರಯೋಗಾಲಯವನ್ನು ಹೊಗಳುವ ಮೊದಲು ಯೋಚಿಸಬೇಕು. ದ್ರವ ಕಲ್ಚರ್‌ನಲ್ಲಿ ನೂರಕ್ಕೆ ಕೆಲವು ಕೊಳವೆಗಳು ಕೆಡುವುದು ಶುದ್ಧೀಕರಣ ಹದವಾಗಿದೆ ಎನ್ನುವುದರ ಗುರುತು. ನಿರೋಧಕವೋ ಅಲ್ಲವೋ ಎಂದು ತೀರ್ಮಾನಿಸಲು ಕೊಳವೆಗೆ ಹಾಕುವ ಔಷಧದ ಪ್ರಮಾಣ, ಅಂದರೆ ಔಷಧದ ಗೆರೆಯೂ, ಎಂದೆಂದಿಗೂ ಒಂದೇ ಅಲ್ಲ. ರಿಫಾಂಪಿಸಿನ್‌ಗೆ ಮಿಲಿಲೀಟರ್‌ಗೆ 1 ಮೈಕ್ರೊಗ್ರಾಂ ಎಂದು ಬಹುಕಾಲ ಬಳಸಿದ ಪ್ರಮಾಣವನ್ನು 2021ರಲ್ಲಿ 0.5ಕ್ಕೆ ಇಳಿಸಲಾಯಿತು, ಗೆರೆಯ ಅಂಚಿನಲ್ಲಿದ್ದ ಕೆಲವು ನಿರೋಧಕ ತಳಿಗಳು ಹಳೆಯ ಪ್ರಮಾಣದಲ್ಲಿ ನುಣುಚಿಕೊಳ್ಳುತ್ತಿದ್ದುದೇ ಕಾರಣ. ಪೈರಜಿನಮೈಡ್ ಪರೀಕ್ಷೆ ಇಂದಿಗೂ ದುರ್ಬಲ. ಆ ಔಷಧ ಆಮ್ಲೀಯ ದ್ರವದಲ್ಲಷ್ಟೇ ಕೆಲಸ ಮಾಡುತ್ತದೆ, ಹಾಕುವ ರೋಗಾಣುವಿನ ಪ್ರಮಾಣ ಸ್ವಲ್ಪ ಹೆಚ್ಚಾದರೂ ಆಮ್ಲೀಯತೆ ಕುಂದಿ ಸುಳ್ಳು ನಿರೋಧಕತೆ ಕಾಣಿಸುತ್ತದೆ.

ಇಷ್ಟೆಲ್ಲ ಇದ್ದರೂ ಕಲ್ಚರ್ ಬೇಡವೆನ್ನುವ ಮಾತನ್ನು ನಾನು ಒಪ್ಪದಿರಲು ಕಾರಣ ಬೆಡಾಕ್ವಿಲಿನ್. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದ ಆರು ತಿಂಗಳ ಚಿಕಿತ್ಸೆ ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಝೊಲಿಡ್ ಮತ್ತು ಮಾಕ್ಸಿಫ್ಲಾಕ್ಸಸಿನ್ ಎಂಬ ನಾಲ್ಕರ ಮೇಲೆ ನಿಂತಿದೆ. ಹಿಂದೆ ಒಂದೂವರೆ, ಎರಡು ವರ್ಷ ಚುಚ್ಚುಮದ್ದು ಸಹಿತ ನಡೆಯುತ್ತಿದ್ದ ಚಿಕಿತ್ಸೆ ಇಷ್ಟಕ್ಕೆ ಇಳಿದದ್ದು ರೋಗಿಗಳ ಪಾಲಿಗೆ ಬಹು ದೊಡ್ಡ ಬಿಡುಗಡೆ. ಈ ನಾಲ್ಕರಲ್ಲಿ ಕಾರ್ಟ್ರಿಡ್ಜ್ ಆಗಲಿ ಪಟ್ಟಿಯಾಗಲಿ ಹೇಳಬಲ್ಲದ್ದು ಫ್ಲೋರೊಕ್ವಿನೊಲೋನ್ ಗುಂಪಿನ ಮಾಕ್ಸಿಫ್ಲಾಕ್ಸಸಿನ್ ಒಂದರ ವಿಷಯವನ್ನು ಮಾತ್ರ. ಬೆಡಾಕ್ವಿಲಿನ್‌ಗೆ ರಿಫಾಂಪಿಸಿನ್‌ನಂಥ ಅನುಕೂಲವಿಲ್ಲ: ಆರ್‌ವಿ0678 ಎಂಬ ಜೀನ್‌ನ ಉದ್ದಕ್ಕೂ ಎಲ್ಲಿ ಬೇಕಾದರೂ ಬದಲಾವಣೆ ಆಗಬಹುದು, ಅವುಗಳಲ್ಲಿ ಕೆಲವು ನಿರೋಧಕತೆ ತರುತ್ತವೆ, ಕೆಲವು ತರುವುದಿಲ್ಲ, ಹಲವುಗಳ ಪರಿಣಾಮ ಇನ್ನೂ ನಿಶ್ಚಿತವಾಗಿಲ್ಲ. ನಾಲ್ಕಾರು ಪ್ರೋಬ್‌ಗಳಲ್ಲಿ ಇದನ್ನು ಹಿಡಿಯಲಾಗದು. ಅದೇ ಜೀನ್ ಕ್ಲೊಫಜಿಮಿನ್ ಎಂಬ ಇನ್ನೊಂದು ಔಷಧಕ್ಕೂ ನಿರೋಧಕತೆ ತರುತ್ತದೆ, ಒಂದು ಹೋದರೆ ಇನ್ನೊಂದೂ ಹೋಗುವ ಸಂಭವವಿದೆ. ಬೆಡಾಕ್ವಿಲಿನ್ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುವುದರಿಂದ, ನಡುವೆ ಚಿಕಿತ್ಸೆ ಬಿಟ್ಟವರ ಶರೀರದಲ್ಲಿ ಅದು ಒಂಟಿಯಾಗಿ ಉಳಿದು ನಿರೋಧಕತೆಗೆ ದಾರಿ ಮಾಡಿಕೊಡಬಹುದು. 2021ರಲ್ಲಿ ಎಕ್ಸ್‌ಡಿಆರ್ ಕ್ಷಯದ ವ್ಯಾಖ್ಯೆಯನ್ನು ಬದಲಿಸಿ ಬೆಡಾಕ್ವಿಲಿನ್ ಮತ್ತು ಲಿನೆಝೊಲಿಡ್‌ಗಳನ್ನು ಅದರೊಳಗೆ ತಂದಮೇಲೆ, ಇವೆರಡನ್ನೂ ಪರೀಕ್ಷಿಸದ ಪ್ರಯೋಗಾಲಯಕ್ಕೆ ಎಕ್ಸ್‌ಡಿಆರ್ ಇದೆ ಎಂದಾಗಲಿ ಇಲ್ಲ ಎಂದಾಗಲಿ ಹೇಳುವ ಆಧಾರವೇ ಇಲ್ಲದಂತಾಗಿದೆ. ಎಂಜಿಐಟಿಯಲ್ಲಿ ಎರಡಕ್ಕೂ ಮಿಲಿಲೀಟರ್‌ಗೆ 1 ಮೈಕ್ರೊಗ್ರಾಂ ಎಂಬ ಪ್ರಮಾಣ ನಿಗದಿಯಾಗಿದೆ. ವಿಧಾನ ಇದೆ, ಮಾಡುವ ಕಡೆಗಳು ಸಾಲವು.

ಗುರಿನಿರ್ದಿಷ್ಟ ಸೀಕ್ವೆನ್ಸಿಂಗ್ ಈ ಅಂತರವನ್ನು ತುಂಬುವ ಭರವಸೆ ಮೂಡಿಸಿದೆ. ಡೀಪ್ಲೆಕ್ಸ್ ಮೈಕ್-ಟಿಬಿ, ಆ್ಯಂಪೋರ್-ಟಿಬಿ, ಟಿಬಿಸೆಕ್ ಎಂಬ ಮೂರು ಕಿಟ್‌ಗಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಈ ವಿಧಾನವನ್ನು ಶಿಫಾರಸು ಮಾಡಿತು. ಕಲ್ಚರ್‌ಗೆ ಕಾಯದೆ ನೇರ ಕಫದಿಂದಲೇ ಹತ್ತಾರು ಜೀನ್‌ಗಳನ್ನು ಅಕ್ಷರ ಅಕ್ಷರವಾಗಿ ಓದಿ, ಕೆಲವೇ ದಿನಗಳಲ್ಲಿ ಹಲವು ಔಷಧಗಳ ಉತ್ತರ ಕೊಡುವುದು ಇದರ ಹೆಚ್ಚುಗಾರಿಕೆ. ಓದಿದ ಅಕ್ಷರಗಳಿಗೆ ಅರ್ಥ ಕೊಡುವುದು ಬದಲಾವಣೆಗಳ ಜಾಗತಿಕ ಪಟ್ಟಿ; 2021ರಲ್ಲಿ 38 ಸಾವಿರಕ್ಕೂ ಹೆಚ್ಚು ತಳಿಗಳಿಂದ ಆರಂಭವಾದ ಅದು 2023ರ ಎರಡನೆಯ ಆವೃತ್ತಿಯಲ್ಲಿ 52 ಸಾವಿರ ದಾಟಿತು. ನನಗೆ ಈ ವಿಧಾನದಲ್ಲಿ ನಿಜವಾದ ನಂಬಿಕೆಯಿದೆ. ಆದರೆ ರೋಗಾಣು ಕಡಿಮೆ ಇರುವ ಕಫದಲ್ಲಿ ಓದು ಅಪೂರ್ಣವಾಗುತ್ತದೆ, ಮತ್ತು ಬೆಡಾಕ್ವಿಲಿನ್‌ನ ವಿಷಯದಲ್ಲಿ ‘ಪರಿಣಾಮ ಅನಿಶ್ಚಿತ’ ಎಂಬ ಉತ್ತರ ಬಂದಾಗ ಮತ್ತೆ ಕಲ್ಚರ್‌ನ ಕೊಳವೆಗೇ ಹೋಗಬೇಕಾಗುತ್ತದೆ.

ಯಾವ ಯಂತ್ರವೇ ಇರಲಿ, ಸೇವೆಯ ಗುಣ ನಿರ್ಧಾರವಾಗುವುದು ಅದರ ಆಚೀಚೆ. ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ 3ರಿಂದ 5 ಮಿಲಿಲೀಟರ್ ಕಫ ಬೇಕು ಎಂದು ರೋಗಿಗೆ ತಾಳ್ಮೆಯಿಂದ ತಿಳಿಸಿಕೊಟ್ಟ ಕೇಂದ್ರದ ಮಾದರಿಗೂ, ಡಬ್ಬಿ ಕೈಗಿಟ್ಟು ಕಳುಹಿಸಿದ ಕೇಂದ್ರದ ಮಾದರಿಗೂ ಇರುವ ವ್ಯತ್ಯಾಸ ಮುಚ್ಚಳ ತೆರೆದ ಕೂಡಲೇ ಕಾಣುತ್ತದೆ. ಎರಡನೆಯದರಲ್ಲಿ ಹಲವು ಬಾರಿ ಬರೀ ಎಂಜಲಿರುತ್ತದೆ. ಒಟ್ಟಿಗೆ ಓಡಿಸುವ ಪ್ರತಿ ತಂಡದ (ಬ್ಯಾಚ್‌ನ) ಪರೀಕ್ಷೆಯ ಜೊತೆ ಎಲ್ಲ ಔಷಧಗಳಿಗೂ ಬಗ್ಗುವ ಎಚ್37ಆರ್‌ವಿ ತಳಿಯನ್ನು ಓಡಿಸುತ್ತಾರೆಯೇ, ಹೊರಗಿನಿಂದ ಬರುವ ಗುಣಮಟ್ಟದ ಮಾದರಿಗಳಲ್ಲಿ ಪಾಸಾಗಿದ್ದಾರೆಯೇ ಎಂದು ವೈದ್ಯರು ಕೇಳಿದರೆ ತಪ್ಪಿಲ್ಲ. ವರದಿಯ ವಿಷಯದಲ್ಲಿ ನನ್ನ ಬೇಡಿಕೆ ಇನ್ನೂ ಕಟ್ಟುನಿಟ್ಟು: ಪರೀಕ್ಷಿಸಿದ ಔಷಧಗಳ ಜೊತೆಗೆ ಪರೀಕ್ಷಿಸದ ಔಷಧಗಳ ಹೆಸರೂ ಅದರಲ್ಲಿ ಇರಬೇಕು. ರಿಫಾಂಪಿಸಿನ್ ಒಂದನ್ನೇ ನೋಡಿ ‘ಔಷಧ ನಿರೋಧಕತೆ ಕಂಡುಬಂದಿಲ್ಲ’ ಎಂದು ಬರೆದ ವರದಿ ಓದುವವರನ್ನು ದಾರಿ ತಪ್ಪಿಸುತ್ತದೆ. ಅಂಥ ವರದಿಯನ್ನು ನಂಬಿ ಐಸೋನಿಯಾಜಿಡ್‌ನ ಪ್ರಶ್ನೆಯನ್ನೇ ಎತ್ತದೆ ತಿಂಗಳುಗಳನ್ನು ಕಳೆದ ರೋಗಿಗಳನ್ನು ನೋಡಿದ್ದೇನೆ, ಬೇಸರವಾಗುತ್ತದೆ.

ಒಟ್ಟಾರೆ ಶಿಫಾರಸು ಹೀಗಿದೆ. ಮೊದಲ ಪರೀಕ್ಷೆಯಾಗಿ ಅಲ್ಟ್ರಾ ಅಥವಾ ಟ್ರೂನ್ಯಾಟ್ ಅನ್ನು ಯಾವ ಹಿಂಜರಿಕೆಯೂ ಇಲ್ಲದೆ ಆರಿಸಿಕೊಳ್ಳಬಹುದು. ನಿರೋಧಕ ಎಂದು ಬಂದರೆ ಅದೇ ದಿನ ಇನ್ನೊಂದು ಕಫ ತೆಗೆದು, ಫ್ಲೋರೊಕ್ವಿನೊಲೋನ್‌ಗೆ ವೇಗದ ಪರೀಕ್ಷೆಗೂ ಬೆಡಾಕ್ವಿಲಿನ್, ಲಿನೆಝೊಲಿಡ್‌ಗಳಿಗಾಗಿ ಕಲ್ಚರ್ ಅಥವಾ ಸೀಕ್ವೆನ್ಸಿಂಗ್‌ಗೂ ಒಟ್ಟಿಗೆ ಕಳುಹಿಸಬೇಕು. ಚಿಕಿತ್ಸೆ ಆರಂಭಿಸಲು ಆ ವರದಿಗಾಗಿ ಕಾಯಬೇಕಿಲ್ಲ, ಆದರೆ ಮಾದರಿ ಮಾತ್ರ ಔಷಧ ಶುರುವಾಗುವ ಮುನ್ನವೇ ಹೊರಟಿರಬೇಕು. ಆರಂಭದಲ್ಲಿ ಬೆಳೆದ ತಳಿಯನ್ನು ಮೈನಸ್ 70 ಡಿಗ್ರಿಯಲ್ಲಿ ಕಾಯ್ದಿಡುವ ಪ್ರಯೋಗಾಲಯ ಸಿಕ್ಕರೆ ಅದನ್ನೇ ಹಿಡಿದುಕೊಳ್ಳಿ. ಚಿಕಿತ್ಸೆಯ ನಡುವೆ ಅಥವಾ ಮುಗಿದ ಮೇಲೆ ಕಲ್ಚರ್ ಮತ್ತೆ ಪಾಸಿಟಿವ್ ಬಂದಾಗ, ಹಳೆಯದನ್ನೂ ಹೊಸದನ್ನೂ ಒಂದೇ ತಂಡದಲ್ಲಿಟ್ಟು ಪರೀಕ್ಷಿಸಿದರೆ ನಿರೋಧಕತೆ ಮೊದಲೇ ಇತ್ತೋ ಚಿಕಿತ್ಸೆಯ ಅವಧಿಯಲ್ಲಿ ಬೆಳೆಯಿತೋ ಎಂಬುದು ತಿಳಿಯುತ್ತದೆ, ಎರಡನ್ನೂ ಸೀಕ್ವೆನ್ಸಿಂಗ್ ಮಾಡಿದರೆ ಅದೇ ರೋಗ ಮರುಕಳಿಸಿದೆಯೋ ಹೊಸ ಸೋಂಕು ತಗುಲಿದೆಯೋ ಎಂಬುದೂ ತಿಳಿಯುತ್ತದೆ.